ಬಿಸು, ಬಸಳೆ ಮತ್ತು ಬೊಂಬಾಯಿಯ ಹಿತ್ತಿಲು

ಬ್ಯಾಂಕಿನಲ್ಲಿ ದುಡಿಯುವವರಿಗೆ ವಸಂತ ಅಂದರೆ ಕೋಗಿಲೆಯೂ ಅಲ್ಲ, ಮಾವಿನ ಚಿಗುರೂ ಅಲ್ಲ, ಕ್ಲೋಸಿಂಗ್. ಮಾರ್ಚ್ 31ರ ರಾತ್ರಿ ಲೆಕ್ಕ ಮುಗಿಸಿ ಮನೆಗೆ ಬಂದರೆ ಮಾರನೆಯ ದಿನ ಗಿರಾಕಿಗಳಿಗೆ ಮಾತ್ರ ರಜೆ, ನಮಗಿಲ್ಲ. ಅದರ ಬೆನ್ನಿಗೇ ಆಡಿಟರುಗಳು. ಇದರ ನಡುವೆ ಕಣ್ಣು ಬಿಟ್ಟು ಗಿಡ ಮರ ನೋಡಲು ಸಿಗುವ ಒಂದೇ ಒಂದು ದಿನ ಏಪ್ರಿಲ್ 14. ಬಾಬಾಸಾಹೇಬರ ಜಯಂತಿಯ ರಜೆ. ನಮ್ಮ ಕರಾವಳಿಯವರಿಗೆ ಅದೇ ದಿನ ಬಿಸು, ಅಂದರೆ ಸೌರಮಾನ ಯುಗಾದಿ. ಕೆಲವು ವರ್ಷ ಬಿಸು 15ಕ್ಕೆ ಜಾರುತ್ತದೆ, ಆದರೆ ನಮ್ಮ ಮನೆಯ ಹಿತ್ತಿಲ ಕೆಲಸ ಮಾತ್ರ 14ಕ್ಕೇ. ರಜೆ ಇರುವುದು ಅವತ್ತಲ್ಲವೇ!

ಮುಂಬೈಯಲ್ಲಿ ಹಿತ್ತಿಲು ಎಲ್ಲಿಂದ ಬಂತು ಎಂದು ಕೇಳುತ್ತೀರಿ. ಬೊರಿವಲಿಯ ಹಳೇ ಸೊಸೈಟಿಯೊಂದರ ನೆಲಮಹಡಿಯ ಫ್ಲ್ಯಾಟು ನಮ್ಮದು. ಹಿಂಬದಿಯ ಕಂಪೌಂಡ್ ಗೋಡೆಗೂ ಅಡುಗೆಮನೆಯ ಕಿಟಕಿಗೂ ನಡುವೆ ಇಪ್ಪತ್ತೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲದ ನೆಲ. ಕಾಗದದ ಮೇಲೆ ಅದು ಸೊಸೈಟಿಯದು. ಕೆಲಸದ ಮಟ್ಟಿಗೆ ನಮ್ಮದು. ಮೇಲಿನ ಮಹಡಿಗಳಿಂದ ಬೀಳುವ ಬಟ್ಟೆ ಕ್ಲಿಪ್ಪು, ಹಾಲಿನ ಪ್ಯಾಕೆಟ್ಟುಗಳನ್ನು ಹೆಕ್ಕುವ ಕೆಲಸವೂ ನಮ್ಮದೇ ಎಂಬ ಕಾರಣಕ್ಕೆ ಇಷ್ಟು ವರ್ಷ ಯಾರೂ ತಕರಾರು ಮಾಡಿಲ್ಲ. ಎರಡು ತೆಂಗು, ಒಂದು ಮಾವು, ಒಂದು ಕರಿಬೇವು, ದಾಸವಾಳ, ಬಸಳೆ ಚಪ್ಪರ, ಅರಸಿನ, ಕೆಸು. ಇಷ್ಟೇ ಆಸ್ತಿ.

ಈ ವರ್ಷ ಆ ನೆಲವನ್ನು ಸ್ವಲ್ಪ ಹೆಚ್ಚೇ ನೋಡಿದೆ. ಕಾರಣ, ಸೊಸೈಟಿಯ ರೀಡೆವಲಪ್‌ಮೆಂಟ್ ಪಾಸಾಗಿದೆ. ಮಳೆಗಾಲ ಮುಗಿದ ಮೇಲೆ ಮನೆ ಖಾಲಿ ಮಾಡಬೇಕು. ನಾನೂ ಕೈ ಎತ್ತಿದವನೇ. ಸೋರುವ ಗೋಡೆ, ಲಿಫ್ಟಿಲ್ಲದ ಮೂರು ಮಹಡಿ, ಮೇಲಿರುವ ವಯಸ್ಸಾದವರು, ಇದನ್ನೆಲ್ಲ ನೋಡಿದ ಯಾರಾದರೂ ಕೈ ಎತ್ತುತ್ತಾರೆ. ಆ ಬಗ್ಗೆ ಈಗಲೂ ನನಗೆ ಎರಡನೇ ಮಾತಿಲ್ಲ. ಆದರೆ ಕತ್ತಿ, ಪಿಕ್ಕಾಸು ಹಿಡಿದು ಹಿತ್ತಿಲಿಗಿಳಿದಾಗ, ಭಾನುವಾರಗಳಲ್ಲಿ ಹಳೇ ಗೆಜೆಟಿಯರು, ಪ್ರವಾಸ ಕಥನಗಳಲ್ಲಿ ಓದಿದ್ದೆಲ್ಲ ಒಂದೊಂದಾಗಿ ನೆನಪಾಗತೊಡಗಿತು. ಈ ಊರಿನಲ್ಲಿ ನನಗಿಂತ ಮೊದಲು ಇದೇ ಕೆಲಸ ಮಾಡಿದವರು ಯಾರು? ಅವರ ತೋಟಗಳೆಲ್ಲ ಎಲ್ಲಿ ಹೋದವು?

ಬಿಸುವಿನಿಂದಲೇ ಶುರು ಮಾಡೋಣ. ಊರಲ್ಲಿ ಬಿಸು ಅಂದರೆ ಕಣಿ. ಹಿಂದಿನ ರಾತ್ರಿಯೇ ಅಕ್ಕಿ, ತೆಂಗಿನಕಾಯಿ, ಮುಳ್ಳುಸೌತೆ, ಮಾವು, ಗೇರುಹಣ್ಣು, ಹಿತ್ತಿಲಲ್ಲಿ ಬೆಳೆದ ಏನಿದೆಯೋ ಅದನ್ನೆಲ್ಲ ಕನ್ನಡಿಯ ಎದುರು ಜೋಡಿಸಿಟ್ಟು, ಬೆಳಿಗ್ಗೆ ಎದ್ದ ಕೂಡಲೇ ಅದನ್ನೇ ನೋಡುವುದು. ಗದ್ದೆ ಇದ್ದವರು ಆ ದಿನ ಒಂದು ಹಿಡಿ ಬೀಜ ಹಾಕುವ ಕ್ರಮವೂ ಉಂಟು. ಕಾಸರಗೋಡಿನ ಕಡೆ ಕಣಿಗೆ ಕಕ್ಕೆಹೂ (ಕೊನ್ನೆ) ಇರಲೇಬೇಕು. ಬಂಗಾರದ ಗೊಂಚಲು ಇಳಿಬಿಟ್ಟ ಹಾಗೆ ಕಾಣುವ ಆ ಹಳದಿ ಹೂವಿಗೆ ಮರಾಠಿಯಲ್ಲಿ ಬಾಹವಾ ಅಂತ ಹೆಸರು. ಈಗ ಸೆಂಟ್ರಲ್ ಲೈನಿನಲ್ಲಿ ದಿನಾ ಓಡಾಡುವವರು ಸ್ವಲ್ಪ ಕಿವಿಗೊಡಿ. ಭಾಯಖಳಾ, ನಮ್ಮ ಬಾಯಲ್ಲಿ ಬೈಕುಲಾ, ಅದರ ಹೆಸರು ಬಂದದ್ದೇ ಈ ಕಕ್ಕೆಮರದಿಂದ ಎಂದು ಬಲ್ಲವರು ಹೇಳುತ್ತಾರೆ. ಕಕ್ಕೆಮರಗಳಿದ್ದ ಸಮತಟ್ಟು ಜಾಗ, ಭಾಯಾ ಖಳಾ.

ಹೀಗೆ ಹುಡುಕುತ್ತ ಹೋದರೆ ಮುಂಬೈಯ ನಕ್ಷೆ ನರ್ಸರಿಯ ಬಿಲ್ಲಿನ ಹಾಗೆ ಕಾಣುತ್ತದೆ. ಉಂಬರ ಅಂದರೆ ಅತ್ತಿ, ಅದರಿಂದ ಉಮರಖಾಡಿ. ಚಿಂಚ ಅಂದರೆ ಹುಣಸೆ, ಅದರಿಂದ ಚಿಂಚಬಂದರ್. ಗಿರಗಾಂವ್, ಕಾಳಬಾದೇವಿ ಕಡೆ ಹೋದರೆ ಫಣಸವಾಡಿ (ಹಲಸು), ಆಂಬೇವಾಡಿ (ಮಾವು), ಜಾಂಭೂಳವಾಡಿ (ನೇರಳೆ). ಕೇಳೇವಾಡಿ ಬಾಳೆತೋಟ, ಮರಾಠಿ ಸಾಹಿತ್ಯ ಸಂಘದ ನಾಟಕಗೃಹ ಇರುವುದು ಅಲ್ಲೇ. ನಮ್ಮ ಬೊರಿವಲಿಯೂ ಬೋರ್ ಹಣ್ಣಿನ ಊರಂತೆ. ಭೇಂಡಿ ಬಜಾರಿಗೆ ಮಾತ್ರ ಎರಡು ಕತೆ. ಭೇಂಡಿ ಅಂದರೆ ಹೂವರಸಿ ಮರ, ಅದು ಅಲ್ಲಿ ಸಾಲಾಗಿತ್ತು ಅಂತ ಒಂದು. ಕ್ರಾಫರ್ಡ್ ಮಾರ್ಕೆಟಿನ ಆಚೆಗಿದೆ ಅಂತ ಇಂಗ್ಲಿಷರು 'ಬಿಹೈಂಡ್ ದ ಬಜಾರ್' ಅಂದದ್ದು ಭೇಂಡಿ ಬಜಾರ್ ಆಯಿತು ಅಂತ ಇನ್ನೊಂದು. ನನಗೆ ಮರದ ಕತೆಯೇ ಇಷ್ಟ.

ವಾಡಿ ಎಂಬ ಮರಾಠಿ ಮಾತಿಗೆ ಈಗ ನಾವು ಗಲ್ಲಿ, ಚಾಳುಗಳ ಗುಂಪು ಎಂದು ತಿಳಿಯುತ್ತೇವೆ. ಅದರ ಮೊದಲ ಅರ್ಥ ತೋಟ. ಮನೆ, ಬಾವಿ, ಸುತ್ತ ತೆಂಗು, ಮಾವು, ಹಲಸು. ಅಂದರೆ ನಮ್ಮ ಉಡುಪಿ, ಕಾರ್ಕಳದ ಕಡೆಯ ಹಿತ್ತಿಲೇ. 1534ರಲ್ಲಿ ಈ ದ್ವೀಪಗಳು ಪೋರ್ಚುಗೀಸರ ಕೈಗೆ ಬಂದಾಗ ಅವರು ತಮ್ಮ ಭಾಷೆಯಲ್ಲಿ ತೋಟಕ್ಕಿದ್ದ 'ಓರ್ತಾ' ಎಂಬ ಹೆಸರನ್ನು ಇದಕ್ಕಿಟ್ಟರು. ಇಂಗ್ಲಿಷರು ಬಂದ ಮೇಲೆ ಅದು 'ಓರ್ಟ್' ಆಯಿತು. ಪಶ್ಚಿಮ ಕರಾವಳಿ ಬಿಟ್ಟರೆ ಇಂಗ್ಲಿಷಿನಲ್ಲಿ ಬೇರೆಲ್ಲೂ ಈ ಶಬ್ದ ಓಡಲಿಲ್ಲ. ಮುಂಬೈಯ ಹಳೇ ಆಸ್ತಿಪತ್ರ ಓದುವ ವಕೀಲರಿಗೆ ಓರ್ಟ್ ಗೊತ್ತು, ಉಳಿದವರಿಗೆ ಅದು ಅಚ್ಚಿನ ತಪ್ಪಿನ ಹಾಗೆ ಕಾಣುತ್ತದೆ.

ಕಾಕತಾಳೀಯ ನೋಡಿ, ಈ ದ್ವೀಪದ ಮೊದಲ ಹೆಸರಾಂತ ತೋಟಗಾರನ ಹೆಸರೂ ಓರ್ತಾ. ಗಾರ್ಸಿಯಾ ದ ಓರ್ತಾ ಪೋರ್ಚುಗೀಸ್ ವೈದ್ಯ, ಗೋವಾದಲ್ಲಿದ್ದವನು. 1550ರ ದಶಕದಲ್ಲಿ ಬೊಂಬಾಯಿ ದ್ವೀಪವನ್ನು ಗುತ್ತಿಗೆಗೆ ಪಡೆದ. ಇಲ್ಲಿ ಅವನದೊಂದು ಮನೆ, ಮನೆಗೊಂದು ತೋಟ. ಈಗಿನ ಟೌನ್ ಹಾಲಿನ (ಏಷ್ಯಾಟಿಕ್ ಸೊಸೈಟಿಯ ಕಟ್ಟಡ) ಹಿಂದೆ ನೌಕಾಪಡೆಯ ಆವರಣವಿದೆಯಲ್ಲ, ಅಲ್ಲಿ. ಹಿಂದೂಸ್ಥಾನದ ಮದ್ದುಗಿಡಗಳ ಬಗ್ಗೆ ಅವನು ಬರೆದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ತನ್ನ ಬೊಂಬಾಯಿ ತೋಟದ ಒಂದು ಮಾವಿನಮರ ವರ್ಷಕ್ಕೆ ಎರಡು ಸಲ ಹಣ್ಣು ಕೊಡುತ್ತದೆ ಎಂದು ಅದರಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಗುತ್ತಿಗೆದಾರನೇ ಇರಲಿ, ಗವರ್ನರನೇ ಇರಲಿ, ತನ್ನ ಮರದ ಬಗ್ಗೆ ಜಂಭ ಕೊಚ್ಚುವುದು ಹಿತ್ತಿಲಿದ್ದವರಿಗೆಲ್ಲ ಸಮಾನ! ಅವನ ಪಾಡು ಮಾತ್ರ ಒಳ್ಳೆಯದಾಗಲಿಲ್ಲ. ಯಹೂದಿ ಮೂಲದವನು. 1568ರಲ್ಲಿ ತೀರಿಕೊಂಡ. ಗುಟ್ಟಾಗಿ ಹಳೇ ಧರ್ಮ ಪಾಲಿಸುತ್ತಿದ್ದನೆಂದು ಇನ್‌ಕ್ವಿಸಿಷನ್‌ನವರು 1580ರಲ್ಲಿ ಅವನ ಮೂಳೆಗಳನ್ನು ಅಗೆದು ತೆಗೆದು ಸುಟ್ಟರು. ಪುಸ್ತಕ ಉಳಿಯಿತು.

ವರ್ಷಕ್ಕೆರಡು ಸಲ ಫಲ ಕೊಡುವ ಮಾವಿಗೆ ಆಮೇಲೆ ಮಜಗಾಂವ್ ಹೆಸರಾಯಿತು. 1809ರಲ್ಲಿ ಮುಂಬೈಗೆ ಬಂದಿಳಿದ ಮರಿಯಾ ಗ್ರಹಾಂ ಎಂಬ ಇಂಗ್ಲಿಷ್ ಹೆಂಗಸು, ಮಜಗಾಂವ್ ಮಾವಿನ ಮೂಲ ಮರಕ್ಕೆ ಹಣ್ಣಿನ ಕಾಲದಲ್ಲಿ ಸಿಪಾಯಿಗಳ ಕಾವಲು ಇರುತ್ತಿತ್ತೆಂದು ಬರೆದಿದ್ದಾಳೆ. ಅದನ್ನು ಓದಿ ಥಾಮಸ್ ಮೂರ್ ಎಂಬ ಐರಿಷ್ ಕವಿ 1817ರ ತನ್ನ 'ಲಲ್ಲಾ ರೂಖ್' ಕಾವ್ಯದಲ್ಲಿ ಮಜಗಾಂವ್ ಮಾವನ್ನು ತಂದ. ಅವನು ಹಿಂದೂಸ್ಥಾನಕ್ಕೆ ಕಾಲಿಟ್ಟವನೇ ಅಲ್ಲ. ಈಗ ಮಜಗಾಂವ್‌ಗೆ ಹೋದರೆ ಹಡಗುಕಟ್ಟೆ, ಗೋದಾಮು, ಜಿಎಸ್‌ಟಿ ಕಚೇರಿ. ಮಾವು ಬೇಕಿದ್ದರೆ ರತ್ನಾಗಿರಿ, ದೇವಗಡದ ಪೆಟ್ಟಿಗೆ ಬರಬೇಕು.

ನಮ್ಮ ಮಾವು ಕಸಿ ಅಲ್ಲ. ಮಗಳು ಚಿಕ್ಕವಳಿದ್ದಾಗ ತಿಂದು ಎಸೆದ ಗೊರಟು. ಹುಳಿ. ಉಪ್ಪಿನಕಾಯಿಗೆ, ನೀರುಗೊಜ್ಜಿಗೆ ಸಾಕು. ಬಿಸುವಿನ ದಿನ ಅದಕ್ಕೆ ಮಾಡಬೇಕಾದದ್ದು ಹೆಚ್ಚಿಲ್ಲ. ಒಣಗಿದ ಕೊಂಬೆ ಸವರುವುದು, ಬಿದ್ದ ಮಿಡಿ ಹೆಕ್ಕುವುದು, ಬುಡದ ತರಗೆಲೆ ಗುಡಿಸುವುದು. ಊರಾಗಿದ್ದರೆ ಆ ತರಗೆಲೆಗೆ ಮಣ್ಣು ಬೆರೆಸಿ ಬೆಂಕಿ ಕೊಟ್ಟು ಸುಡುಮಣ್ಣು ಮಾಡಬಹುದಿತ್ತು. ಇಲ್ಲಿ ಎಲೆ ಸುಡುವ ಹಾಗಿಲ್ಲ, ಮುನ್ಸಿಪಾಲಿಟಿಯ ದಂಡ. ಹೊಗೆಗೆ ಮೇಲಿನ ಮನೆಯವರ ಬೈಗುಳ ಬೇರೆ. ಹಾಗಾಗಿ ಗೋಡೆಯ ಮೂಲೆಯಲ್ಲಿ ಗುಂಡಿ ಮಾಡಿ ಕೊಳೆಸುತ್ತೇವೆ.

ಗೊಬ್ಬರದ ಮಾತು ಬಂತಲ್ಲ, ಈಗ ನನಗೆ ಅತ್ಯಂತ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ಮೂಗು ಮುಚ್ಚಿಕೊಳ್ಳಿ.

ನಮ್ಮ ಕರಾವಳಿಯಲ್ಲಿ ತೆಂಗಿನ ಬುಡಕ್ಕೆ ಮೀನುಗೊಬ್ಬರ ಹಾಕುವುದು ಹಿಂದಿನಿಂದ ಬಂದದ್ದು. ಬೂತಾಯಿ ರಾಶಿ ಬಿದ್ದ ವರ್ಷ ತಿಂದು, ಒಣಗಿಸಿ, ಮಾರಿ, ಮತ್ತೂ ಉಳಿದದ್ದು ತೋಟಕ್ಕೆ. ಮಲ್ಪೆ, ಕಾಪು, ಉಳ್ಳಾಲದ ಕಡೆಯವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಬೊಂಬಾಯಿಯ ಓರ್ಟ್‌ಗಳಲ್ಲೂ ಇದೇ ಪದ್ಧತಿ. ತೆಂಗಿನ ಬುಡ ಬಿಡಿಸಿ, ಸಣ್ಣ ಮೀನು ತುಂಬಿ, ಮಣ್ಣು ಮುಚ್ಚುವುದು. ಇಂಗ್ಲಿಷರ ದಾಖಲೆಗಳಲ್ಲಿ ಇದಕ್ಕೆ 'ಬಕ್‌ಷಾ' ಎಂದು ಹೆಸರು.

1661ರ ಮದುವೆಯ ಒಪ್ಪಂದದಲ್ಲಿ ಬೊಂಬಾಯಿ ಇಂಗ್ಲಿಷ್ ರಾಜನಿಗೆ ಬಳುವಳಿಯಾಗಿ ಹೋಯಿತು, 1668ರಲ್ಲಿ ಕಂಪನಿಯ ಕೈಗೆ ಬಂತು. ಇದು ಎಲ್ಲರಿಗೂ ಗೊತ್ತು. ಬಂದ ಇಂಗ್ಲಿಷರು ಇಲ್ಲಿ ನೊಣಗಳ ಹಾಗೆ ಸತ್ತರು. ಬೊಂಬಾಯಿಯಲ್ಲಿ ಮನುಷ್ಯನ ಆಯುಸ್ಸು ಎರಡು ಮಳೆಗಾಲ ಅಂತ ಅವರಲ್ಲಿ ಗಾದೆಯೇ ಇತ್ತು. ಯಾಕೆ ಸಾಯುತ್ತಿದ್ದೇವೆ? 1673ರಲ್ಲಿ ಇಲ್ಲಿಗೆ ಬಂದ ಕಂಪನಿಯ ವೈದ್ಯ ಜಾನ್ ಫ್ರೈಯರ್ ಬೊಟ್ಟು ಮಾಡಿದ್ದು ಕೆಟ್ಟ ಗಾಳಿ, ಕೆಟ್ಟ ನೀರು, ಅದರ ಜೊತೆಗೆ ತೆಂಗಿನ ಬುಡದಲ್ಲಿ ಕೊಳೆಯುವ ಮೀನಿಗೆ. ಮುಂದೆ ಬಂದ ಓವಿಂಗ್ಟನ್ ಪಾದ್ರಿಯೂ ಮೀನಿಗೊಬ್ಬರವನ್ನೇ ದೂರಿದ. ಗಾಳಿ ಕೆಟ್ಟರೆ ಜ್ವರ ಎಂಬುದು ಆಗಿನ ಯುರೋಪಿನ ವೈದ್ಯಶಾಸ್ತ್ರ. ನಾರುವುದೆಲ್ಲ ಕೊಲ್ಲುತ್ತದೆ ಎಂದು ಅವರು ನಂಬಿದ್ದರು. ಕಂಪನಿ ಬಕ್‌ಷಾವನ್ನು ನಿಷೇಧಿಸಿಯೂ ನೋಡಿತು. ಆದರೆ ತೆಂಗಿನ ತೋಟದಿಂದ ಕಂದಾಯವೂ ಬರಬೇಕಲ್ಲ! ಗೊಬ್ಬರ ನಿಲ್ಲಿಸಿದರೆ ಕಾಯಿ ಕಡಿಮೆ, ಕಾಯಿ ಕಡಿಮೆಯಾದರೆ ಕಂದಾಯ ಕಡಿಮೆ. ಸಾಲಕ್ಕೆ ಜಾಮೀನಿಟ್ಟ ಹಸುವಿಗೆ ಹುಲ್ಲು ಹಾಕಬೇಡ ಅಂದ ಹಾಗೆ.

ಅವರನ್ನು ಕೊಂದದ್ದು ಮೀನಲ್ಲ. ದ್ವೀಪಗಳ ನಡುವೆ ಉಬ್ಬರದಲ್ಲಿ ನುಗ್ಗಿ ನಿಲ್ಲುತ್ತಿದ್ದ ನೀರು, ಅದರ ಸುತ್ತಿನ ಜೌಗು, ಅಲ್ಲಿ ಹುಟ್ಟುತ್ತಿದ್ದ ಸೊಳ್ಳೆ. ವರಳಿಯ ಬಳಿಯ ದೊಡ್ಡ ಕಂಡಿಗೆ ಹಾರ್ನ್‌ಬಿ ಕಾಲದ ಕಟ್ಟೆ (ಈಗಿನ ಹಾಜಿ ಅಲಿ ರಸ್ತೆ) ಬಿದ್ದದ್ದು 1784ರ ಸುಮಾರಿಗೆ. ಮಲೇರಿಯಾ ಸೊಳ್ಳೆಯಿಂದ ಎಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಅಲ್ಲಿಯವರೆಗೆ ಇನ್ನೂರಕ್ಕೂ ಹೆಚ್ಚು ವರ್ಷ ಆಪಾದನೆ ಹೊತ್ತದ್ದು ತೋಟದವರ ಗೊಬ್ಬರದ ಬುಟ್ಟಿ. ನಾರುವವರನ್ನು ದೂರುವುದು ಸುಲಭ. ಇವತ್ತಿಗೂ ನಮ್ಮ ಸೊಸೈಟಿಗಳ ಮೀಟಿಂಗಿನಲ್ಲಿ ಮೀನು ತಿನ್ನುವವರಿಗೆ ಮನೆ ಕೊಡಬೇಕೋ ಬೇಡವೋ ಎಂಬ ಚರ್ಚೆ ಎದ್ದಾಗ ನನಗೆ ಫ್ರೈಯರ್ ಸಾಹೇಬನ ನೆನಪಾಗುತ್ತದೆ.

ಏಪ್ರಿಲ್ 14ಕ್ಕೂ ಮೀನಿಗೊಬ್ಬರಕ್ಕೂ ಇನ್ನೊಂದು ನಂಟಿದೆ, ಇದು ನಗುವ ವಿಷಯ ಅಲ್ಲ. 1944ರ ಏಪ್ರಿಲ್ 14ರ ಮಧ್ಯಾಹ್ನ ವಿಕ್ಟೋರಿಯಾ ಡಾಕ್‌ನಲ್ಲಿ ಸ್ಫೋಟಗೊಂಡ ಫೋರ್ಟ್ ಸ್ಟಿಕಿನ್ ಹಡಗಿನಲ್ಲಿ ಸಾವಿರಾರು ಹತ್ತಿಬೇಲು, ಸುಮಾರು 1,400 ಟನ್ ಮದ್ದುಗುಂಡು, ಚಿನ್ನದ ಗಟ್ಟಿಗಳು ಇದ್ದವು. ಅದರೊಂದಿಗೆ ಕರಾಚಿಯಲ್ಲಿ ತುಂಬಿಸಿದ ಮೀನಿಗೊಬ್ಬರವೂ ಇತ್ತು. ನೂರಾರು ಜನ ಸತ್ತರು, ಬೆಂಕಿ ಆರಿಸಲು ಹೋದ 66 ಮಂದಿ ಫೈರ್ ಬ್ರಿಗೇಡಿನವರೂ ಹೋದರು. ಬ್ಯಾಂಕಿನವರು ಚಿನ್ನದ ಗಟ್ಟಿಯ ಕತೆಯನ್ನು ಹೇಳುತ್ತಾರೆ. ನನಗೆ ಆ ಗೊಬ್ಬರ ಯಾವ ತೆಂಗಿನ ತೋಟಕ್ಕೆ ಹೊರಟಿತ್ತೋ ಎಂಬ ಯೋಚನೆ.

ನಮ್ಮ ತೆಂಗಿಗೆ ನಾನು ಹಾಕುವುದು ಭಾನುವಾರದ ಬಂಗುಡೆಯ ತಲೆ, ಬಾಲ. ಆಳವಾಗಿ ಹೂಳಬೇಕು, ಇಲ್ಲದಿದ್ದರೆ ಬೆಕ್ಕುಗಳು ಅಗೆದು ಹಾಕುತ್ತವೆ. ಮೂರನೇ ಮಹಡಿಯ ಕಾಕೂ ಪಕ್ಕಾ ಶಾಕಾಹಾರಿ. "ಭಾವೂ, ಈ ಸಲ ಕಾಯಿ ದೊಡ್ಡದಿದೆ, ಏನು ಹಾಕುತ್ತೀರಿ?" ಅಂತ ಮರಾಠಿಯಲ್ಲಿ ಕೇಳಿದಾಗಲೆಲ್ಲ ನಾನು "ಸೇಂದ್ರಿಯ ಖತ, ಕಾಕೂ" ಅಂತೇನೆ. ಸುಳ್ಳಲ್ಲ, ಸಾವಯವ ಗೊಬ್ಬರವೇ ತಾನೇ!

ತೆಂಗು ಹತ್ತಲು ಮಾತ್ರ ನಮ್ಮಿಂದಾಗದು. ಮಳೆಗೆ ಮೊದಲು ಒಣ ಮಡಲು, ಕಾಯಿ ಇಳಿಸದಿದ್ದರೆ ಯಾರ ತಲೆ, ಯಾರ ಕಾರಿನ ಗಾಜು ಅಂತ ಹೇಳಲು ಬಾರದು. ಹತ್ತಲು ಬರುವವರು ವಸಯಿ ಕಡೆಯ ಒಬ್ಬ ಮಾಮಾ, ಅರುವತ್ತು ದಾಟಿದ್ದಾರೆ. ಜಾತಿಯಲ್ಲಿ ಭಂಡಾರಿ ಅಂತ ಅವರೇ ಹೇಳಿಕೊಂಡರು. ಅವರ ಅಜ್ಜನಿಗೆ ಶೇಂದಿ ಇಳಿಸುವ ಕಸುಬು. ನಮ್ಮ ಬಿಲ್ಲವರ ಮೂರ್ತೆದಾರಿಕೆಗೂ ಇವರ ಕಸುಬಿಗೂ ಕತ್ತಿಯ ಆಕಾರದಲ್ಲಿ ಬಿಟ್ಟರೆ ವ್ಯತ್ಯಾಸ ಕಡಿಮೆ. ಬೊಂಬಾಯಿಯ ಮೊದಲ ದೊಡ್ಡ ಕಸುಬುದಾರರು ಇವರು. ಮಾಹೀಮದಲ್ಲಿ ಇದ್ದದ್ದು ತಾಳೆ, ತೆಂಗುಗಳ ಕಾಡೇ, ಇಂಗ್ಲಿಷರು 'ಮಾಹೀಮ್ ವುಡ್ಸ್' ಎನ್ನುತ್ತಿದ್ದರು. ಗವರ್ನರ್ ಜೆರಾಲ್ಡ್ ಆಂಜಿಯರ್ 17ನೇ ಶತಮಾನದಲ್ಲಿ ದ್ವೀಪದ ಕಾವಲಿಗೆ ಭಂಡಾರಿಗಳ ಪಡೆ ಕಟ್ಟಿದ. ಮುಂಬೈ ಪೊಲೀಸರ ಚರಿತ್ರೆ ಬರೆಯುವವರೆಲ್ಲ ಅಲ್ಲಿಂದಲೇ ಶುರು ಮಾಡುತ್ತಾರೆ. ಮರ ಹತ್ತುವವನ ಕೈಯಲ್ಲಿ ಕತ್ತಿ ಇದ್ದೇ ಇರುತ್ತದಲ್ಲ.

ಆ ಕಸುಬು ಮುಗಿದದ್ದು ಮರ ಕಡಿದದ್ದರಿಂದ ಮಾತ್ರ ಅಲ್ಲ. 1878ರ ಬೊಂಬಾಯಿ ಅಬಕಾರಿ ಕಾಯ್ದೆ ಶೇಂದಿಯನ್ನು ಸರಕಾರದ ಬಿಗಿಮುಷ್ಟಿಗೆ ತಂದಿತು, ತೆರಿಗೆ ಏರಿತು. 1949ರ ಪಾನನಿಷೇಧ ಕಾಯ್ದೆ ಬಂದ ಮೇಲೆ ಉಳಿದವರೂ ಮರದಿಂದ ಇಳಿದರು. ನಮ್ಮ ಬಿಲ್ಲವರು ಮುಂಬೈಗೆ ಬಂದದ್ದು ಶೇಂದಿ ಇಳಿಸಲಿಕ್ಕಲ್ಲ, ಹೊಟೇಲು, ಗಿರಣಿ, ಕಚೇರಿಗಳಿಗೆ. 1932ರಲ್ಲಿ ಬಿಲ್ಲವರ ಎಸೋಸಿಯೇಶನ್ ಹುಟ್ಟಿದ ಊರಿನಲ್ಲಿ, ಅದೇ ಕಸುಬಿನ ಇನ್ನೊಂದು ಸಮುದಾಯ ಮರ ಬಿಟ್ಟು ಗಿರಣಿಗೆ ನಡೆಯುತ್ತಿತ್ತು. ಇಬ್ಬರೂ ಪರೇಲಿನ ಒಂದೇ ಚಾಳಿನಲ್ಲಿ ಅಕ್ಕಪಕ್ಕ ಇದ್ದಿರಲೂ ಸಾಕು.

ಮಾಮಾ ಇಳಿಸಿದ್ದು ಮೂವತ್ತೊಂದು ಕಾಯಿ. ಮರಕ್ಕೆ ಇಷ್ಟು ಅಂತ ಕೂಲಿ, ಮೇಲೆ ಎರಡು ಕಾಯಿ, ಒಂದು ಚಾ. ಮುಂದಿನ ವರ್ಷ ಬರುವುದು ಬೇಡ ಎಂದು ಹೇಳಬೇಕಿತ್ತು. ನನ್ನ ಹೆಂಡತಿ ಹೇಳಿದಳು. "ಅಸ್ಸಂ ಕಾ" ಅಂದರು, ಹೌದಾ ಅಂತ. ಇದೇ ಮಾತು ಈ ವರ್ಷ ಏಳನೇ ಸೊಸೈಟಿಯಲ್ಲಿ ಕೇಳಿದ್ದಂತೆ.

ನೀರಿನ ಕೆಲಸ ಮಧ್ಯಾಹ್ನಕ್ಕೆ. ಕುಂಡಗಳ ಕೆಳಗಿನ ತಟ್ಟೆ, ಒಡೆದ ಬಕೆಟ್, ತೆಂಗಿನ ಚಿಪ್ಪು ಎಲ್ಲ ಕವುಚಿ ಹಾಕಬೇಕು. ಸೊಳ್ಳೆಮರಿ ಕಂಡರೆ ಮುನ್ಸಿಪಾಲಿಟಿಯವರು ನೋಟೀಸು ಅಂಟಿಸುತ್ತಾರೆ. ಇದರ ಹಿಂದೆಯೂ ತೋಟಗಳ ಕತೆಯುಂಟು. 1860ರಲ್ಲಿ ವಿಹಾರ್ ಕೆರೆಯಿಂದ ನಲ್ಲಿನೀರು ಬರುವ ತನಕ ಈ ಊರು ಬದುಕಿದ್ದು ವಾಡಿಗಳ ಬಾವಿ, ದೊಡ್ಡ ಕೆರೆಗಳ ಮೇಲೆ. ಆಮೇಲೆ ತುಳಸಿ (1879), ತಾನ್ಸಾ (1892). ನಲ್ಲಿ ಬಂದ ಮೇಲೂ ಬಾವಿಗಳು ಗಿಡಕ್ಕೆ, ಪೂಜೆಗೆ ಉಳಿದಿದ್ದವು. 1911ರಲ್ಲಿ ಬೆಂಟ್ಲಿ ಎಂಬ ಡಾಕ್ಟರು ಬೊಂಬಾಯಿಯ ಮಲೇರಿಯಾದ ಬಗ್ಗೆ ವರದಿ ಕೊಟ್ಟು, ಸೊಳ್ಳೆ ಹುಟ್ಟುವುದು ಮನೆಯಂಗಳದ ಈ ಬಾವಿಗಳಲ್ಲೇ ಎಂದು ತೋರಿಸಿದ. ಈ ಸಲ ಆಪಾದನೆ ನಿಜವೇ ಆಗಿತ್ತು. ಒಂದೊಂದಾಗಿ ಬಾವಿ ಮುಚ್ಚಿದರು, ಇಲ್ಲವೇ ಹೂತರು. ಚರ್ಚ್‌ಗೇಟಿನ ಭೀಖಾ ಬೆಹ್ರಾಮ್ ಬಾವಿಯಂಥ (1725) ಪಾರ್ಸಿಗಳ ಪವಿತ್ರ ಬಾವಿಗಳು ಉಳಿದುಕೊಂಡವು. ಬಾವಿ ಹೋದರೆ ವಾಡಿಯ ತೋಟಕ್ಕೆ ಬೇಸಗೆ ಕಳೆಯುವುದು ಹೇಗೆ?

ನಿಜ ಹೇಳಬೇಕೆಂದರೆ ಅಷ್ಟರೊಳಗೆ ತೋಟಗಳ ಕಾಲ ಮುಗಿದಾಗಿತ್ತು. ಅಮೆರಿಕದ ಅಂತರ್ಯುದ್ಧದ ಹೊತ್ತಿನ (1861–65) ಹತ್ತಿಯ ಹಣದ ಹೊಳೆಯಲ್ಲಿ ನೆಲದ ಬೆಲೆ ಏರಿತು. ಗಿರಣಿಗಳು ಬಂದವು, ವಾಡಿಯ ಮರದ ಜಾಗದಲ್ಲಿ ಚಾಳು ಎದ್ದಿತು. ತಮಾಷೆ ಏನೆಂದರೆ, ಮನೆಯ ತೋಟಗಳು ಹೋಗುತ್ತಿದ್ದ ಆ ದಶಕದಲ್ಲೇ ಸಾರ್ವಜನಿಕ ತೋಟ ಹುಟ್ಟಿದ್ದು. 1830ರಲ್ಲಿ ಶುರುವಾದ ಕೃಷಿ-ತೋಟಗಾರಿಕಾ ಸಂಘಕ್ಕೆ ಶಿವಡಿಯಲ್ಲಿ ಒಂದು ಸಸ್ಯೋದ್ಯಾನ ಇತ್ತು. ಆ ನೆಲ ಮುಂದೆ ಕ್ರೈಸ್ತರ ಶ್ಮಶಾನವಾಯಿತು. ಹೊಸ ಉದ್ಯಾನ, ನಮ್ಮ ರಾಣೀಚಾ ಬಾಗ್, 1862ರ ನವೆಂಬರಿನಲ್ಲಿ ತೆರೆಯಿತು. ಎಲ್ಲಿ? ಅದೇ ಕಕ್ಕೆಮರದ ಬೈಕುಲಾದಲ್ಲಿ. ಈಗಿನ ಮಕ್ಕಳಿಗೆ ಅದು 2016ರಲ್ಲಿ ಬಂದ ಪೆಂಗ್ವಿನ್‌ಗಳ ಊರು. ಮಲಬಾರ್ ಹಿಲ್ಲಿನ ಹ್ಯಾಂಗಿಂಗ್ ಗಾರ್ಡನ್ 1881ರದ್ದು, ನೀರಿನ ಟ್ಯಾಂಕಿನ ಮೇಲೆ ಮಣ್ಣು ಹಾಕಿ ಮಾಡಿದ್ದು. ಅಂದರೆ ಬೊಂಬಾಯಿಯ ಮೊದಲ ಟೆರೇಸ್ ಗಾರ್ಡನ್ ಎನ್ನಬಹುದು. ಕೆಳಗಿನ ಟ್ಯಾಂಕ್ ಒಡೆದು ಹೊಸದಾಗಿ ಕಟ್ಟುವ ಮಾತು 2023ರಲ್ಲಿ ಬಂದಾಗ, ನೂರಾರು ಮರ ಹೋಗುತ್ತವೆಂದು ಜನ ಎದ್ದು ನಿಂತರು.

1896ರ ಪ್ಲೇಗು ಮತ್ತೆ ಪಾಠ ಕಲಿಸಿತು. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ಜನ ಸತ್ತ ಮೇಲೆ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗಾಗಳ ವಿನ್ಯಾಸ ಅದರದ್ದೇ: ಅಗಲ ರಸ್ತೆ, ಕಟ್ಟಡದ ಸುತ್ತ ಖಾಲಿ ಜಾಗ, ಸಾಲುಮರ. ಟ್ರಸ್ಟಿನ ಇಂಜಿನಿಯರ್ ಮಂಚೆರ್ಜಿ ಜೋಶಿ ಅಲ್ಲಿ ಪಾರ್ಸಿ ಕಾಲೊನಿ ಕಟ್ಟಿಸಿದರು, ಫೈವ್ ಗಾರ್ಡನ್ಸ್ ಇಂದಿಗೂ ಅವರ ಹೆಸರಿನಲ್ಲಿದೆ. ನಮ್ಮ ಮೈಸೂರು ಅಸೋಸಿಯೇಶನ್ 1926ರಲ್ಲಿ ಹುಟ್ಟಿದ್ದು ಆ ಮಾಟುಂಗಾದಲ್ಲೇ ಬೇರೂರಿತು. ಮುಂಬೈಯ ಕನ್ನಡಿಗರಲ್ಲಿ ಮೊದಲು ಅಂಗಳ ಕಂಡವರು ಅವರೇ ಇರಬೇಕು! ಗಿರಣಗಾಂವ್‌ನ ನಮ್ಮವರಿಗೆ ಅಂಗಳ ಎಂದರೆ ಚಾಳಿನ ವೆರಾಂಡದ ಕಟಾಂಜನ, ತೋಟ ಎಂದರೆ ಸೀಮೆಎಣ್ಣೆ ಡಬ್ಬದಲ್ಲಿ ಒಂದು ತುಳಸಿ.

ಆ ಡಬ್ಬದ ತೋಟವನ್ನು ಹಗುರ ಮಾಡಬೇಡಿ. ಮುಂಬೈ ಪೋರ್ಟ್ ಟ್ರಸ್ಟಿನ ಅಡುಗೆಮನೆ ನೋಡಿಕೊಳ್ಳುತ್ತಿದ್ದ ಪ್ರೀತಿ ಪಾಟೀಲರು 2002ರಲ್ಲಿ ಅಲ್ಲಿನ ತಾರಸಿಯಲ್ಲೇ, ಅಡುಗೆಮನೆಯ ಕಸದಿಂದಲೇ ಮಣ್ಣು ಮಾಡಿ ಹಣ್ಣು ತರಕಾರಿ ಬೆಳೆಸತೊಡಗಿದರು. ಡಾಕಿನ ಕಾರ್ಮಿಕರ ಊಟದ ತಟ್ಟೆಯ ಸಿಪ್ಪೆ ಮರವಾಯಿತು. ನಮ್ಮ ಮೂಲೆಯ ಗುಂಡಿಗೆ ಪ್ರೇರಣೆ ಅವರ ಸುದ್ದಿ ಓದಿದ್ದು.

ಕೊನೆಗೆ ಬಸಳೆ. ಸಂಜೆಯ ಕೆಲಸ ಇದು, ಬಿಸಿಲಲ್ಲಿ ದಂಟು ಮುರಿದರೆ ಬಾಡುತ್ತದೆ. ಚಪ್ಪರದ ಹಳೇ ಹಗ್ಗ ಬಿಚ್ಚಿ ಹೊಸದು ಕಟ್ಟಬೇಕು, ಬಲಿತ ದಂಟು ಗೇಣುದ್ದ ಕೊಯ್ದು ಹೊಸ ಮಡಿಗೆ ನೆಡಬೇಕು. ಈ ಬಳ್ಳಿಯ ಚರಿತ್ರೆ ಯಾವ ಗೆಜೆಟಿಯರಿನಲ್ಲೂ ಇಲ್ಲ, ನಮ್ಮ ಮನೆಯಲ್ಲುಂಟು. ನಾನು ಬಿಕಾಂ ಮುಗಿಸಿ ಮುಂಬೈಗೆ ಬಂದದ್ದು 1992ರಲ್ಲಿ. ಆಗ ಕೊಂಕಣ ರೈಲು ಇರಲಿಲ್ಲ, ಅದು ಪೂರ್ತಿಯಾದದ್ದು 1998ರ ಜನವರಿ 26ಕ್ಕೆ. ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ, ಮೇಲೆ ಘಟ್ಟದ ಟ್ರಾಫಿಕ್ ಜಾಮು. ಮದುವ��ಯಾದ ವರ್ಷ ಅತ್ತೆ ಹಸಿ ಬಟ್ಟೆಯಲ್ಲಿ ಸುತ್ತಿ, ಬಾಳೆಪಟ್ಟೆಯೊಳಗಿಟ್ಟು ಕಳಿಸಿದ ಮೂರು ದಂಟುಗಳಲ್ಲಿ ಒಂದು ಬದುಕಿತು. ನೀವು ಈ ಚಪ್ಪರದಲ್ಲಿ ನೋಡುವುದೆಲ್ಲ ಅದರದ್ದೇ ಸಂತಾನ. ಡೊಂಬಿವಲಿ, ಮೀರಾ ರೋಡ್, ನೆರೂಳದಲ್ಲಿ ಇದರ ಕವಲುಗಳಿವೆ. ಒಂದು ಕುವೈತಿಗೂ ಹೋಗಿದೆ. ಅಲ್ಲಿಯ ಬಿಸಿಲಿಗೆ ಏನಾಯಿತೋ, ಮದುಮಗಳು ಹೇಳಲಿಲ್ಲ.

ಕಳೆದ ತಿಂಗಳು ಮರ ಎಣಿಸಲು ಬಂದಿದ್ದರು. 1975ರ ಮರ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಮರ ಕಡಿಯುವ ಹಾಗಿಲ್ಲವಲ್ಲ, ಹಾಗಾಗಿ ಪ್ರತಿಯೊಂದಕ್ಕೂ ಬಣ್ಣದಲ್ಲಿ ನಂಬರು. ನಮ್ಮ ತೆಂಗುಗಳು 11 ಮತ್ತು 12, ಮಾವು 13. ಮಾವನ್ನು ಬೇರೆಡೆ ನೆಡುತ್ತಾರಂತೆ; ಹಾಗೆ ನೆಟ್ಟ ದೊಡ್ಡ ಮರ ಬದುಕಿದ್ದನ್ನು ನಾನಂತೂ ಕಂಡಿಲ್ಲ. ಕರಿಬೇವು ಮರವೋ ಗಿಡವೋ ಎಂದು ಸ್ವಲ್ಪ ಚರ್ಚೆಯಾಗಿ, ಕೊನೆಗೆ ಪಟ್ಟಿಯಿಂದ ಬಿಟ್ಟರು. ಹೊಸ ನಕ್ಷೆಯಲ್ಲಿ ಮುಂದುಗಡೆ ಒಂದಿಷ್ಟು ನೆಲ, ಉಳಿದದ್ದು ಪಾರ್ಕಿಂಗಿನ ಮೇಲಿನ ಪೋಡಿಯಂ ಗಾರ್ಡನ್. ಕಟ್ಟಡದವರಿಗೆ ಬಿಡಬೇಕಾದ ಆಟದ, ವಿಹಾರದ ಜಾಗ ನೆಲದ ಮೇಲೇ ಇರಬೇಕು, ಪೋಡಿಯಂ ಮೇಲಲ್ಲ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಮುಂಬೈಯದೇ ಒಂದು ಮೊಕದ್ದಮೆಯಲ್ಲಿ ಹೇಳಿತ್ತು. ಆ ತೀರ್ಪಿನ ಪ್ರತಿಯನ್ನು ಕಮಿಟಿಗೆ ಕೊಟ್ಟಿದ್ದೇನೆ, ಮುಂದಿರುವ ನೆಲವನ್ನಾದರೂ ಸಿಮೆಂಟು ಹಾಕದೆ ಬಿಡಿ ಎಂದು ಬರೆದೂ ಕೊಟ್ಟಿದ್ದೇನೆ. ಮುಂದಿನ ಮೀಟಿಂಗಿಗೆ ಬರುತ್ತದಂತೆ. ನಮಗೆ ಬರುವುದು ಒಂಬತ್ತನೇ ಮಹಡಿ.

ಅವತ್ತು ಕೊಯ್ದು ನೆಟ್ಟ ದಂಟುಗಳು ಇಪ್ಪತ್ತಾರು. ಎಲ್ಲ ಚಿಗುರಿವೆ. ಬೊರಿವಲಿಯಿಂದ ವಿರಾರ್ ತನಕ, ಈ ಕಡೆ ಅಂಧೇರಿಯವರೆಗೆ ಯಾರಿಗಾದರೂ ಬೇಕಿದ್ದರೆ ಮೇ ಮುಗಿಯುವುದರೊಳಗೆ ತಿಳಿಸಿ, ಭಾನುವಾರ ಬಂದು ಒಯ್ಯಿರಿ. ಹಸಿ ಬಟ್ಟೆ ನೀವೇ ತನ್ನಿ. ಗೊಬ್ಬರಕ್ಕೆ ಏನು ಹಾಕಬೇಕೆಂದು ಹೇಳಿಯಾಗಿದೆ.